ಮುಷ್ಟಿಯ ಬಲ ಎಲ್ಲಿಂದ, ಎಲ್ಲಿಯವರೆಗೆ?



ಹದಿನಾಲ್ಕು ವರ್ಷದ ಮಗ ಒಂದು ಸಂಜೆ ಮನೆಗೆ ಬಂದು, "ಅಪ್ಪಾ, ನಾನು ಬಾಕ್ಸಿಂಗ್ ಕಲೀತೀನಿ" ಎಂದರೆ ನೀವೇನು ಹೇಳುವಿರಿ? ತಾಯಿ ಕೂಡಲೇ ಬೇಡ ಎಂದಾಳು. ಮೂಗು ಒಡೆದೀತು, ಹಲ್ಲು ಹೋದೀತು ಎಂಬ ಭಯ ಅವಳಿಗೆ. ತಂದೆ ಸ್ವಲ್ಪ ಯೋಚಿಸಿ, "ಕಲಿಯಲಿ ಬಿಡು, ಮೈ ಗಟ್ಟಿಯಾಗುತ್ತೆ" ಎನ್ನಬಹುದು. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಇನ್ನೊಬ್ಬ ಮನುಷ್ಯನಿಗೆ ಸರಿಯಾಗಿ ಹೊಡೆಯುವುದನ್ನು ಕಲಿಯುವುದು ತಪ್ಪೇ? ಉತ್ತರ ಹೇಳುವ ಮುಂಚೆ, ಆ ಹುಡುಗ ಅಲ್ಲಿ ಏನು ಕಲಿಯುತ್ತಾನೆಂದು ನೋಡೋಣ.

ಹೊಡೆತದ ಬಲ ತೋಳಿನಲ್ಲಿದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ತಪ್ಪು. ಬಾಕ್ಸಿಂಗ್ ಬಲ್ಲವನ ಬಲಗೈ ಹೊಡೆತ ಹಿಂದಿನ ಪಾದದಲ್ಲಿ ಹುಟ್ಟುತ್ತದೆ. ಪಾದದ ಮುಂಭಾಗ ನೆಲವನ್ನು ಒತ್ತಿ ತಳ್ಳುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಅದರೊಂದಿಗೆ ಸೊಂಟ, ಸೊಂಟದ ಬೆನ್ನಿಗೇ ಭುಜ. ಮೊಣಕೈ ಬಿಚ್ಚಿಕೊಳ್ಳುವುದು ಕೊನೆಯಲ್ಲಿ. ಕಲ್ಲಿನ ಮೇಲೆ ಬಟ್ಟೆ ಒಗೆಯುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರೀ ಕೈಯಿಂದ ಒಗೆದರೆ ಅರ್ಧ ಗಂಟೆಯಲ್ಲಿ ಸೋಲು. 1985ರಲ್ಲಿ ಸೋವಿಯತ್ ತಜ್ಞರು ಬಾಕ್ಸರುಗಳ ಹೊಡೆತವನ್ನು ಅಳೆದು ನೋಡಿದಾಗ, ಪಳಗಿದವರಲ್ಲಿ ಬಲದ ಸುಮಾರು ನೂರಕ್ಕೆ 38 ಪಾಲು ಕಾಲಿನಿಂದಲೂ 37 ಪಾಲು ಮುಂಡದ ತಿರುವಿನಿಂದಲೂ ಬಂದಿತ್ತು. ತೋಳಿನ ಪಾಲು 24 ಮಾತ್ರ. ಹೊಸಬರಲ್ಲಿ ಲೆಕ್ಕ ಬೇರೆಯೇ: ಅವರಲ್ಲಿ ಕಾಲಿನ ಪಾಲು ತೀರ ಕಡಿಮೆ, ತೋಳಿನ ಪಾಲು ಹೆಚ್ಚು.

ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹುಡುಗನಿಗೆ ಹೊಡೆಯುವ ಭಾಗ್ಯವೇ ಇರುವುದಿಲ್ಲ. ಬೆಳಿಗ್ಗೆ ಓಟ. ಆಮೇಲೆ ಸ್ಕಿಪ್ಪಿಂಗ್. ಕನ್ನಡಿಯ ಮುಂದೆ ನಿಂತು ಗಾಳಿಗೆ ಗುದ್ದುತ್ತ, ಹೆಜ್ಜೆ ತಪ್ಪುವುದೆಲ್ಲಿ ಎಂದು ನೋಡಿಕೊಳ್ಳಬೇಕು. ಅನಂತರ ತೂಗುಹಾಕಿದ ಭಾರದ ಚೀಲ. ಮೂರು ನಿಮಿಷ ಗುದ್ದು, ಒಂದು ನಿಮಿಷ ವಿರಾಮ. ಅಲ್ಲಿಯೂ ಚೀಲವನ್ನು ತಳ್ಳಿದರೆ ಬೈಗುಳ. ಮುಷ್ಟಿ ತಾಗಿದೊಡನೆ, ಹೋದ ದಾರಿಯಲ್ಲೇ ಹಿಂದಿರುಗಿ ಗಲ್ಲವನ್ನು ಕಾಯಬೇಕು. ತಾಗುವ ಕ್ಷಣದವರೆಗೂ ಕೈ ಸಡಿಲವಾಗಿರಬೇಕು, ಆಗ ಮಾತ್ರ ಬಿಗಿಯಬೇಕು, ಉಸಿರನ್ನು ಹೊರಕ್ಕೆ ಬಿಡಬೇಕು.

ಈ ಸಡಿಲದ ಮಾತನ್ನು ಗಮನಿಸಿ. ಸಿಟ್ಟು ಬಂದವನ ಭುಜ ಬಿಗಿಯುತ್ತದೆ. ಬಿಗಿದ ಭುಜದ ಹೊಡೆತ ನಿಧಾನ, ಎದುರಾಳಿಗೆ ಮೊದಲೇ ಕಾಣುತ್ತದೆ. ಅದಕ್ಕೇ ಒಳ್ಳೆಯ ತರಬೇತುದಾರರು ಸಿಟ್ಟನ್ನು ಬಾಗಿಲಲ್ಲೇ ಬಿಟ್ಟು ಬಾ ಎನ್ನುತ್ತಾರೆ. ಬಾಕ್ಸಿಂಗ್ ಕಲಿತರೆ ಹುಡುಗ ಮುಂಗೋಪಿಯಾಗುತ್ತಾನೆಂಬ ನಮ್ಮ ಆಕ್ಷೇಪಣೆ ಅಷ್ಟೇನೂ ಸರಿಯಲ್ಲ. ಬೀದಿಯಲ್ಲಿ ಕೈ ಎತ್ತುವವರಲ್ಲಿ ಹೆಚ್ಚಿನವರು ಏನನ್ನೂ ಕಲಿತವರಲ್ಲ.

ಸಂತ ಪೌಲರಿಗೂ ಈ ಆಟದ ಪರಿಚಯವಿತ್ತು. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕ್ರೀಡೆಗಳಲ್ಲಿ ಮುಷ್ಟಿಕಾಳಗವೂ ಇತ್ತು. ಆ ಊರಿನವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ತಾವು ಗಾಳಿಗೆ ಗುದ್ದುವವರಲ್ಲ ಎನ್ನುತ್ತಾರೆ. ಹಾಗಾದರೆ ಗುದ್ದುವುದು ಯಾರಿಗೆ? ತಮ್ಮ ಮೈಗೇ. ಅಲ್ಲಿ ಅವರು ಬಳಸಿದ ಗ್ರೀಕ್ ಪದದ ಮೂಲಾರ್ಥ ಕಣ್ಣಿನ ಕೆಳಗೆ ಗುದ್ದುವುದು, ಕಣ್ಣು ಕಪ್ಪಾಗುವಂತೆ. ಪೌಲರು ಬಾಕ್ಸಿಂಗನ್ನು ಹರಸಿದರೆಂದು ಇದರಿಂದ ಹೇಳುವಂತಿಲ್ಲ. ಆ ಶಿಸ್ತನ್ನು ಅವರು ಮೆಚ್ಚಿದ್ದರೆಂದು ಮಾತ್ರ ಹೇಳಬಹುದು.

ಇಲ್ಲಿಯವರೆಗೆ ತಂದೆಯ ಮಾತೇ ಗೆದ್ದಂತೆ ಕಾಣುತ್ತದೆ, ಅಲ್ಲವೇ? ಈಗ 1982ರ ನವೆಂಬರ್ 13ಕ್ಕೆ ಬನ್ನಿ. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ವಿಶ್ವ ಲೈಟ್‌ವೇಟ್ ಪಂದ್ಯ. ಒಂದು ಕಡೆ ಇಪ್ಪತ್ತೊಂದು ವರ್ಷದ ಚಾಂಪಿಯನ್ ರೇ ಮನ್ಸಿನಿ. ಅವನ ತಂದೆಯೂ ಬಾಕ್ಸರ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ತಂದೆ ಪಡೆಯಲಾಗದೆ ಹೋದ ಪಟ್ಟವನ್ನು ತಾನು ಗೆದ್ದುಕೊಡುತ್ತೇನೆಂದು ಹೊರಟ ಮಗ. ಇನ್ನೊಂದು ಕಡೆ ದಕ್ಷಿಣ ಕೊರಿಯಾದ ಬಡ ಮನೆಯ ಕಿಮ್ ದುಕ್ ಕೂ. ಅವನನ್ನು ಮದುವೆಯಾಗಲಿದ್ದ ಹುಡುಗಿ ಆಗ ಗರ್ಭಿಣಿ. ಹದಿಮೂರು ಸುತ್ತು ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ. ಹದಿನಾಲ್ಕನೆಯ ಸುತ್ತು ಶುರುವಾಗಿ ಕೆಲವೇ ಸೆಕೆಂಡುಗಳಲ್ಲಿ ಮನ್ಸಿನಿಯ ಬಲಗೈ ತಾಗಿತು. ಕಿಮ್ ಬಿದ್ದ. ಹಗ್ಗ ಹಿಡಿದು ಎದ್ದ. ರೆಫರಿ ಪಂದ್ಯ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೇ ಕಿಮ್ ಪ್ರಜ್ಞೆ ತಪ್ಪಿದ. ಮಿದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಚಿಕಿತ್ಸೆಯೂ ಉಳಿಸಲಿಲ್ಲ, ಒಂದು ವಾರ ತುಂಬುವ ಮುಂಚೆ ಅವನು ತೀರಿಕೊಂಡ. ಕೆಲವು ತಿಂಗಳಲ್ಲಿ ಅವನ ತಾಯಿ ಪ್ರಾಣ ಕಳೆದುಕೊಂಡಳು. ಮರುವರ್ಷ ಆ ರೆಫರಿಯೂ.

ಇಲ್ಲಿ ಪಾಪ ಮಾಡಿದವರು ಯಾರು, ಹೇಳಿ. ಐದನೆಯ ಕಟ್ಟಳೆಯನ್ನು ನಮಗೆ ಕಲಿಸಿದಾಗ ಕೋಪ, ದ್ವೇಷ, ಸೇಡು ಇವುಗಳ ಮಾತು ಬಂದಿತ್ತು. ಮನ್ಸಿನಿಗೆ ಕಿಮ್‌ನ ಮೇಲೆ ದ್ವೇಷವಿರಲಿಲ್ಲ. ನಿಯಮ ಮುರಿಯಲಿಲ್ಲ. ಕಲಿತದ್ದನ್ನು ಕಲಿತಂತೆಯೇ ಮಾಡಿದ. ಪ್ರಶ್ನೆ ಕಷ್ಟವಾಗುವುದು ಅಲ್ಲಿಯೇ.

ಫುಟ್‌ಬಾಲಿನಲ್ಲಿ ಕಾಲು ಮುರಿದರೆ ಅದು ಅಪಘಾತ. ಯಾರ ಕಾಲೂ ಮುರಿಯದೆ ಗೋಲು ಹೊಡೆಯಬಹುದು. ಹಣಕ್ಕಾಗಿ ಆಡುವ ಬಾಕ್ಸಿಂಗಿನಲ್ಲಿ ಅಂಕಗಳಿಂದ ಗೆಲ್ಲಬಹುದು, ನಿಜ. ಆದರೆ ಎಲ್ಲರೂ ಕಾಯುವ ಗೆಲುವು ನಾಕೌಟ್. ಗಲ್ಲಕ್ಕೆ ಬಿದ್ದ ಏಟಿಗೆ ತಲೆ ಫಕ್ಕನೆ ತಿರುಗಿದಾಗ ಒಳಗಿನ ಮಿದುಳು ಹಿಂದುಳಿದು ಜಗ್ಗುತ್ತದೆ. ಪ್ರಜ್ಞೆ ಹೋಗುವುದು ಅದರಿಂದ, ಸಣ್ಣ ರಕ್ತನಾಳಗಳು ಹರಿಯುವುದೂ ಅದರಿಂದಲೇ. ಅಂದರೆ ಮಿದುಳಿನ ಗಾಯವೇ ಗೆಲುವು. ಕೈಗವಸು ಕಾಯುವುದು ಹೊಡೆಯುವವನ ಮೂಳೆಗಳನ್ನು. ಹೀಗಾಗಿ ರೋಮಿನಲ್ಲಿ ಯೇಸುಸಭೆಯ ಗುರುಗಳು ನಡೆಸುವ 'ಲಾ ಚಿವಿಲ್ತಾ ಕತ್ತೋಲಿಕಾ' ಪತ್ರಿಕೆ 2005ರಲ್ಲಿ, ವೃತ್ತಿಪರ ಬಾಕ್ಸಿಂಗನ್ನು ನೀತಿಯ ದೃಷ್ಟಿಯಿಂದ ಒಪ್ಪಲಾಗದೆಂದು ಖಡಾಖಂಡಿತವಾಗಿ ಬರೆಯಿತು. ಅದು ಪತ್ರಿಕೆಯ ಅಭಿಪ್ರಾಯ, ಧರ್ಮಸಭೆಯ ಕಟ್ಟಳೆಯಲ್ಲ. ನನಗಂತೂ ಅದು ಸರಿಯೆಂದೇ ತೋರುತ್ತದೆ.

ನಮ್ಮ ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳಿಗೆ ಮೊನಚಾದ ಆಯುಧ ಧರಿಸಿ ಎದುರು ಬದುರಾಗುತ್ತಾರೆ. ನೋಡಲು ಬಾಕ್ಸಿಂಗಿಗಿಂತ ಭಯಂಕರ. ಆದರೆ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಅದು ಸಾಧುವಾದ ಆಟವೆಂದು ನಾನು ಹೇಳುತ್ತಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಆ ಹಳಬರು ಮೊದಲೇ ಗೊತ್ತುಮಾಡಿಕೊಂಡಿದ್ದರು ಎಂಬುದಷ್ಟೇ ನನ್ನ ಮಾತು. ಲಾಸ್ ವೇಗಸ್‌ನಲ್ಲಿ ಹದಿನೈದು ಸುತ್ತು ಗೊತ್ತಾಗಿತ್ತು. ಕಿಮ್ ಸತ್ತ ಮೇಲೆ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ತನ್ನ ಪಂದ್ಯಗಳನ್ನು ಹನ್ನೆರಡಕ್ಕಿಳಿಸಿತು, ಉಳಿದವರು ಮುಂದೆ ಅದನ್ನೇ ಅನುಸರಿಸಿದರು.

"ಬಡವರ ಮಕ್ಕಳಿಗೆ ಅದೊಂದು ಏಣಿಯಲ್ಲವೇ?" ಎಂದು ನೀವು ಕೇಳಬಹುದು. ಹೌದು, ಏಣಿಯೇ. ಹತ್ತುವವನನ್ನು ದೂರಲು ನನಗೆ ಮನಸ್ಸಿಲ್ಲ. ಏಣಿಯ ಕೆಳಗೆ ನಿಂತು ಚಪ್ಪಾಳೆ ತಟ್ಟುವ ನಮ್ಮ ಸಂಗತಿಯೇನು? ಸಂತ ಅಗಸ್ಟೀನರ ಗೆಳೆಯ ಅಲೀಪಿಯುಸ್‌ನ ಕಥೆಯನ್ನು ನೀವು ಕೇಳಿರಬಹುದು. ರೋಮಿನಲ್ಲಿ ಕಾನೂನು ಓದುತ್ತಿದ್ದಾಗ ಗೆಳೆಯರು ಅವನನ್ನು ಕತ್ತಿಕಾಳಗಕ್ಕೆ ಎಳೆದೊಯ್ದರು. ನೋಡಲೊಲ್ಲೆನೆಂದು ಕಣ್ಣು ಮುಚ್ಚಿ ಕುಳಿತ, ಕಿವಿ ಮುಚ್ಚಲಿಲ್ಲ. ಯಾರೋ ಬಿದ್ದಾಗ ಜನ ಹೋ ಎಂದರು, ಕಣ್ಣು ತೆರೆಯಿತು, ಅಲ್ಲಿಂದ ಅವನೂ ಅವರಲ್ಲಿ ಒಬ್ಬನಾದ. ಅವನು ಯಾರಿಗೂ ಬೆರಳು ಸೋಕಿಸಿದವನಲ್ಲ. ಕಿಮ್ ಬಿದ್ದ ಪಂದ್ಯ ಅಮೆರಿಕದ ಟಿ.ವಿ.ಯಲ್ಲಿ ಹಗಲು ಹೊತ್ತಿನಲ್ಲೇ ಪ್ರಸಾರವಾಗಿತ್ತು, ಮನೆಮಂದಿ ಕುಳಿತು ನೋಡುವಂತೆ.

ಆ ಹದಿನಾಲ್ಕು ವರ್ಷದ ಹುಡುಗ ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ. ನನ್ನ ಮಗನಾಗಿದ್ದರೆ ಹೋಗು ಎನ್ನುತ್ತಿದ್ದೆ. ಓಡಲಿ, ಚೀಲ ಗುದ್ದಲಿ, ಸಿಟ್ಟು ಬಿಡಲು ಕಲಿಯಲಿ. ತಲೆಗೆ ಹೊಡೆದು ಬೀಳಿಸುವ ಪಂದ್ಯಕ್ಕೆ ಮಾತ್ರ ಬೇಡ ಎನ್ನುತ್ತಿದ್ದೆ. ಅವನು ಒಪ್ಪದೆ ವಾದ ಮಾಡಿದರೆ ಮನ್ಸಿನಿಯ ಕಥೆಯ ಕೊನೆಯನ್ನು ಹೇಳುತ್ತಿದ್ದೆ.

ಕಿಮ್‌ನ ಮಗ ಹುಟ್ಟಿದ್ದು ತಂದೆ ಹೋದ ಮೇಲೆ. 2011ರಲ್ಲಿ, ಬೆಳೆದು ದಂತವೈದ್ಯನಾಗಲು ಓದುತ್ತಿದ್ದ ಆ ಮಗ ತಾಯಿಯ ಜೊತೆ ಅಮೆರಿಕಕ್ಕೆ ಬಂದು ಮನ್ಸಿನಿಯನ್ನು ಭೇಟಿಯಾದ. ಪಂದ್ಯದ ಚಿತ್ರವನ್ನು ನೋಡಿದಾಗ ನಿಮ್ಮ ಮೇಲೆ ದ್ವೇಷ ಬಂದಿತ್ತೆಂದು ಮರೆಮಾಚದೆ ಹೇಳಿದ. ಆಮೇಲೆ, ಅದು ನಿಮ್ಮ ತಪ್ಪಲ್ಲವೆಂದೂ ಹೇಳಿದ. ಅಷ್ಟು ಹೊತ್ತಿಗೆ ಮನ್ಸಿನಿಗೆ ಐವತ್ತು ವರ್ಷ. ಆ ಮಾತಿಗಾಗಿ ಅವನು ಇಪ್ಪತ್ತೆಂಟು ವರ್ಷಕ್ಕೂ ಮೇಲೆ ಕಾದಿದ್ದ.