ನಿಂತ ರಥ

ಯವನ ದೊರೆ ಮಿಲಿಂದನು ಭಿಕ್ಷು ನಾಗಸೇನನನ್ನು ಕಾಣಬಂದು, ಮನುಷ್ಯನಲ್ಲಿ ‘ನಾನು’ ಎನ್ನಿಸಿಕೊಳ್ಳುವ ವಸ್ತು ಯಾವುದೆಂಬ ವಾದಕ್ಕೆ ತೊಡಗಿದಾಗ, ಭಿಕ್ಷುವು ನೇರವಾಗಿ ಉತ್ತರ ಕೊಡದೆ, ದೊರೆಯು ಅಲ್ಲಿಗೆ ಬಂದದ್ದು ಕಾಲ್ನಡಿಗೆಯಿಂದಲೋ ವಾಹನದಿಂದಲೋ ಎಂದು ವಿಚಾರಿಸಿದನೆಂದು ‘ಮಿಲಿಂದಪ್ರಶ್ನ’ವೆಂಬ ಪಾಲಿ ಗ್ರಂಥವು ಹೇಳುತ್ತದೆ. ರಥದಲ್ಲಿ ಬಂದೆನೆಂಬ ಉತ್ತರ ಬಂದೊಡನೆ, ಹಾಗಾದರೆ ಮೂಕಿಯು ರಥವೆ, ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಒಂದೊಂದನ್ನಾಗಿ ಕೇಳುತ್ತ, ಇವುಗಳಲ್ಲಿ ಯಾವುದೂ ರಥವಲ್ಲವೆಂದೂ, ಇವೆಲ್ಲ ಕೂಡಿದಾಗ ಲೋಕವು ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರೇ ರಥವೆಂದೂ ಆತನು ದೊರೆಯ ಬಾಯಿಂದಲೇ ಹೇಳಿಸಿದನು. ಈ ಸಂವಾದವನ್ನು ಓದುವಾಗಲೆಲ್ಲ ನನ್ನ ಮನಸ್ಸು ಒಂದು ಸಂಗತಿಯಲ್ಲಿ ತೊಡಕಿಕೊಳ್ಳುತ್ತದೆ. ಅಂದು ಹೊರಗೆ ನಿಂತಿದ್ದುದು ಆಗತಾನೆ ದೊರೆಯನ್ನು ಹೊತ್ತು ತಂದಿದ್ದ ರಥ. ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ರಥವನ್ನು ಕುರಿತು ಭಿಕ್ಷುವೂ ಕೇಳಲಿಲ್ಲ, ದೊರೆಯೂ ಹೇಳಲಿಲ್ಲ. ಅಂಥ ರಥದಲ್ಲಿ ಮೂಕಿ ಉಂಟು, ಅಚ್ಚು ಉಂಟು, ಗಾಲಿ ನೊಗಗಳು ಉಂಟು, ಎಲ್ಲವೂ ತಂತಮ್ಮ ಸ್ಥಾನದಲ್ಲಿಯೇ ಉಂಟು, ಹೆಸರೂ ಉಂಟು. ಆದರೆ ಅದನ್ನೇರಿ ಯಾರೂ ಎಲ್ಲಿಗೂ ಬರಲಾರರು. ಹಾಗಾದರೆ ಅಲ್ಲಿ ಇಲ್ಲವಾದದ್ದು ಯಾವುದು?

ಈ ಪ್ರಶ್ನೆಯನ್ನು ಕೈಯಿಂದ ಮುಟ್ಟಿ ನೋಡಬಹುದಾದ ಸ್ಥಳಗಳು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇಂದಿಗೂ ಉಂಟು. ಅಲ್ಲಿಯ ಹಳೆಯ ಕೊಟ್ಟಿಗೆಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ, ದಪ್ಪ ಬಟ್ಟೆಯ ಹೊದಿಕೆಯ ಕೆಳಗೆ, ದಶಕಗಳಿಂದ ರಸ್ತೆಗಿಳಿಯದ ಸ್ಪೋರ್ಟ್ಸ್ ಕಾರುಗಳು ನಿಂತಿರುತ್ತವೆ. ಜಾಗ್ವಾರ್ ಇ-ಟೈಪನ್ನೇ ತೆಗೆದುಕೊಳ್ಳೋಣ. ವಿಮಾನ ನಿರ್ಮಾಣದಲ್ಲಿ ಪಳಗಿ ಬಂದ ಮಾಲ್ಕಮ್ ಸೇಯರ್ ಎಂಬಾತನು ಗಾಳಿಯ ಹರಿವನ್ನು ಗಣಿತದಿಂದ ಅಳೆದು ರೂಪಿಸಿದ ಮೈಕಟ್ಟು, ನೀಳವಾದ ಮುಂಭಾಗದ ಒಳಗೆ 3.8 ಲೀಟರಿನ, ಆರು ಸಿಲಿಂಡರುಗಳ ಎಂಜಿನ್, ಗಂಟೆಗೆ 150 ಮೈಲಿ ಓಡುವುದೆಂಬ ಖ್ಯಾತಿ: ಇಷ್ಟರೊಂದಿಗೆ 1961ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದು ಲೋಕದ ಕಣ್ಣಿಗೆ ಬಿತ್ತು. ನೋಡಬಂದ ಜನರ ಒತ್ತಡಕ್ಕೆ ಅಲ್ಲಿದ್ದ ಕಾರು ಸಾಲದೆ, ಇನ್ನೊಂದನ್ನು ಕಳುಹಬೇಕೆಂಬ ಕರೆ ಬಂದಾಗ, ಪರೀಕ್ಷಾಚಾಲಕ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ಹೊರಟು ರಾತ್ರಿಯೆಲ್ಲ ಓಡಿಸಿಕೊಂಡು ಹೋಗಿ ಅದನ್ನು ಜಿನೀವಾಕ್ಕೆ ಮುಟ್ಟಿಸಿದನು. ಹುಟ್ಟಿನಿಂದಲೇ ಜಂಗಮವಾದ ಇಂಥ ವಸ್ತುವು ಸ್ಥಾವರವಾಗುವುದು ದ್ವೇಷದಿಂದಲ್ಲ, ಬಹುಮಟ್ಟಿಗೆ ಪ್ರೀತಿಯಿಂದಲೇ. ಒಡೆಯನಿಗೆ ಮಕ್ಕಳಾಗುತ್ತವೆ, ಅಥವಾ ವಯಸ್ಸಾಗುತ್ತದೆ, ಅಥವಾ ಒಂದು ಸಣ್ಣ ರಿಪೇರಿಯನ್ನು ಮುಂದಿನ ಬೇಸಿಗೆಗೆಂದು ಆತನು ಮುಂದೂಡುತ್ತಾನೆ. ಬಳಸಿದರೆ ಸವೆಯುತ್ತದೆ, ಬಳಸದಿದ್ದರೆ ಉಳಿಯುತ್ತದೆ ಎಂದು ನಂಬಿ, ಮೈ ಒರೆಸಿ, ಹೊದಿಕೆ ಹೊದಿಸಿ, ಬಾಗಿಲು ಮುಚ್ಚುತ್ತಾನೆ.

ಕಾಲವಾದರೊ ಹೊದಿಕೆಯ ಒಳಗೂ ತನ್ನ ಕೆಲಸವನ್ನು ನಡಸುತ್ತಲೇ ಇರುತ್ತದೆ. ಪೆಟ್ರೋಲಿನ ಹಗುರವಾದ ಅಂಶ ಆರಿಹೋಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಸಿಲಿಂಡರಿನ ಗೋಡೆಗೂ ಬೇರಿಂಗುಗಳಿಗೂ ಹತ್ತಿದ್ದ ಎಣ್ಣೆಯ ಪೊರೆ ಮೆಲ್ಲಮೆಲ್ಲನೆ ತಳಕ್ಕೆ ಜಾರಿ, ಬೆತ್ತಲೆಯಾದ ಲೋಹವನ್ನು ತೇವದ ಗಾಳಿ ಮುಟ್ಟಿ, ಪಿಸ್ಟನ್ನಿನ ಬಳೆಗಳು ಗೋಡೆಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ಬ್ರೇಕಿನ ದ್ರವಕ್ಕೆ ಗಾಳಿಯಿಂದ ತೇವವನ್ನು ಹೀರುವುದೇ ಸ್ವಭಾವ. ಹೀರಿದ ನೀರು ಒಳಗಿನಿಂದಲೇ ತುಕ್ಕು ಹುಟ್ಟಿಸಿ, ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸಬೇಕಾದ ಕೊಂತಗಳನ್ನು ಅಲುಗದಂತೆ ಬಿಗಿಯುತ್ತದೆ. ಕೊಳವೆಗಳ ರಬ್ಬರು ಬಿರುಸಾಗಿ ಬಿರಿಯುತ್ತದೆ. ಟಯರಿನ ಮೇಲಣ ಅಚ್ಚು ಹೊಸದರಂತೆ ಆಳವಾಗಿದ್ದರೂ ಅದರ ಪಕ್ಕಗಳು ಮುಪ್ಪಾಗಿರುತ್ತವೆ. ವಿದ್ಯುತ್ತಿನ ಕೂಡುತಾಣಗಳಲ್ಲಿ ಹಸಿರು ಕಿಲುಬು ಬೆಳೆಯುತ್ತದೆ. ಇವನ್ನೆಲ್ಲ ಒಟ್ಟಾಗಿ ಭಾವಿಸಿದರೆ ಒಂದು ವಿಚಿತ್ರವಾದ ಸಂಗತಿ ಗೋಚರವಾಗುತ್ತದೆ. ಸ್ಥಳವು ಒಣಗಿದ್ದುದಾದರೆ ಉಕ್ಕಿನ ದಂಡ, ಎರಕದ ಕಬ್ಬಿಣ, ಗಾಜು, ಎಷ್ಟೋ ಮಟ್ಟಿಗೆ ತಗಡಿನ ಮೈ ಕೂಡ, ಹಾಗೆಯೇ ಉಳಿದಿರುತ್ತವೆ. ಅಳಿದದ್ದು ಒಂದಕ್ಕೂ ಇನ್ನೊಂದಕ್ಕೂ ನಡುವೆ ಇದ್ದದ್ದು: ಎಣ್ಣೆ, ದ್ರವ, ರಬ್ಬರು, ಸ್ಪರ್ಶ. ಕಾಲವು ವಸ್ತುಗಳನ್ನು ತಿನ್ನುವುದಕ್ಕಿಂತ ಮೊದಲು ಅವುಗಳ ಸಂಬಂಧವನ್ನು ತಿಂದಿದೆ.

ರಥವೆಂಬುದು ಬರಿಯ ಹೆಸರೆಂಬ ಬೌದ್ಧರ ಪಕ್ಷವನ್ನು ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಿದವರಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ, ಎಂದರೆ ಇಡಿಯಾದ ವಸ್ತು, ನಿಜವಾಗಿಯೂ ಉಂಟೆಂಬುದು ಅವರ ಸಿದ್ಧಾಂತ. ಬಟ್ಟೆಗೆ ನೂಲುಗಳು ಸಮವಾಯಿಕಾರಣ, ಎಂದರೆ ಅದು ನೆಲೆಸುವ ಆಧಾರ; ನೂಲುಗಳ ಸಂಯೋಗವು ಅಸಮವಾಯಿಕಾರಣ, ಎಂದರೆ ಆ ಆಧಾರದಲ್ಲಿದ್ದು ಬಟ್ಟೆಯನ್ನು ಹುಟ್ಟಿಸುವ ಕೂಡಿಕೆ. ಆ ಸಂಯೋಗವು ನಾಶವಾದರೆ, ನೂಲು ಉಳಿದಿದ್ದರೂ ಬಟ್ಟೆ ಉಳಿಯದು. ನಮ್ಮ ನಿಂತ ರಥಕ್ಕೆ ಈ ವಿವೇಚನೆ ಹೆಚ್ಚು ಸಮೀಪವಾಗಿದೆಯೆಂದು ನನಗೆ ತೋರುತ್ತದೆ; ಆದರೂ ಪೂರ್ತಿಯಾಗಿ ಸಾಲದು. ಏಕೆಂದರೆ, ಬಹುಕಾಲ ನಿಂತ ಕಾರಿನಲ್ಲಿ ಕ್ಲಚ್ಚಿನ ತಟ್ಟೆಯು ತನ್ನ ಎದುರಿನ ಚಕ್ರಕ್ಕೆ ತುಕ್ಕಿನಿಂದ ಹಿಡಿದುಕೊಂಡುಬಿಡುವುದುಂಟು. ಸಂಯೋಗವೇನೋ ಎಂದಿಗಿಂತ ಗಾಢವಾಯಿತು, ಕ್ಲಚ್ಚು ಮಾತ್ರ ಸತ್ತುಹೋಯಿತು. ಕೂಡುವ ಶಕ್ತಿ, ಬೇಕಾದಾಗ ಬಿಡುವ ಶಕ್ತಿ, ಇವೆರಡೂ ಒಟ್ಟಾಗಿರುವುದೇ ಅದರ ಜೀವ. ಈ ಸೂಕ್ಷ್ಮವನ್ನು ವೈಶೇಷಿಕರು ಕಂಡಿದ್ದರು: ಸಂಯೋಗಕ್ಕೂ ವಿಭಾಗಕ್ಕೂ ಕಾರಣವಾದದ್ದು ಕರ್ಮ, ಎಂದರೆ ಚಲನೆ, ಎಂದು ಅವರು ಲಕ್ಷಣ ಹೇಳಿದರು. ಚಲನೆ ನಿಂತ ಸ್ಥಳದಲ್ಲಿ ಹೊಸ ಕೂಡಿಕೆಯೂ ಇಲ್ಲ, ಹೊಸ ಬಿಡುಗಡೆಯೂ ಇಲ್ಲ. ಇದ್ದ ಕೂಡಿಕೆ ಕೆಲವೆಡೆ ಬಂಧವಾಗಿ ಬಿಗಿಯುತ್ತದೆ, ಕೆಲವೆಡೆ ಸಡಿಲಿ ಉದುರುತ್ತದೆ. ಕಾರಿನ ಒಡೆಯನು ತಾನು ಏನನ್ನೂ ಮಾಡಲಿಲ್ಲವೆಂದು ತಿಳಿದಿದ್ದನು. ನಿಲ್ಲಿಸಿದ್ದೇ ಅವನ ಕರ್ಮವಾಗಿ ಮೂವತ್ತು ವರ್ಷ ಫಲ ಕೊಟ್ಟಿತು. ಅಕರ್ಮದಲ್ಲಿ ಕರ್ಮವನ್ನು ಕಾಣಬೇಕೆಂದು ಗೀತೆಯು ಹೇಳಿದ್ದನ್ನು ಈ ದೃಷ್ಟಿಯಿಂದಲೂ ಓದಬಹುದೆಂದು ನಾನು ಭಾವಿಸುತ್ತೇನೆ.

ಹೀಗೆ ಬಹುಕಾಲ ನಿಂತ ಕಾರನ್ನು ಕೊಂಡು, ಓಡಿಸಿಕೊಂಡು ಮನೆಗೆ ಒಯ್ಯಬಂದವನಲ್ಲಿ ಮೊದಲು ಏಳುವ ಆಸೆ ಎಂಜಿನ್ನಿನ ಧ್ವನಿಯನ್ನು ಕೇಳಬೇಕೆಂಬುದು. ಇದು ಮೋಹ. ಹೊಸ ಬ್ಯಾಟರಿ ಜೋಡಿಸಿ ಆ ಕ್ಷಣವೇ ಕೀಲಿ ತಿರುಗಿಸಿದರೆ, ಒಣಗಿದ ಬಳೆಗಳು ಒಣಗಿದ ಗೋಡೆಯನ್ನು ಕೆರೆದು, ಮೂವತ್ತು ವರ್ಷ ಮಾಡದ ಗಾಯವನ್ನು ಅರೆನಿಮಿಷದಲ್ಲಿ ಮಾಡುತ್ತವೆ. ಆರು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಅದು ಇಳಿದು ನೆನೆಯಲು ಬೇಕಾದಷ್ಟು ಕಾಲ ಕೊಟ್ಟು, ಆಮೇಲೆ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲಿಯೇ ತಿರುಗಿಸಿ ನೋಡಬೇಕು. ತಿರುಗಲೊಲ್ಲದೆಂದರೆ ಬಲಾತ್ಕಾರ ಸಲ್ಲದು; ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಿ, ಪ್ಲಗ್ಗುಗಳಿಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸುತ್ತ, ಎಣ್ಣೆಯ ಒತ್ತಡವನ್ನು ತೋರುವ ಮುಳ್ಳು ಮೇಲೆದ್ದುದನ್ನು ಕಂಡ ಮೇಲೆಯೇ ಕಿಡಿಯ ಮಾತು.

ಆದರೆ ಇದಕ್ಕೂ ಮೊದಲು ಆಗಬೇಕಾದದ್ದು ಬ್ರೇಕು. ಇ-ಟೈಪಿನಲ್ಲಿ ಹಿಂದಿನ ಬ್ರೇಕಿನ ತಟ್ಟೆಗಳು ಗಾಲಿಯ ಬಳಿ ಇರದೆ, ನಡುವೆ ಡಿಫರೆನ್ಷಿಯಲ್ಲಿನ ಇಕ್ಕೆಲಗಳಲ್ಲಿ ಅಡಗಿವೆ. ಅಲ್ಲಿಗೆ ಕೈ ಸುಲಭವಾಗಿ ಹೋಗದು; ಚೆನ್ನಾಗಿ ಕೆಲಸ ಮಾಡಬೇಕೆಂದರೆ ಹಿಂದಿನ ಚೌಕಟ್ಟನ್ನೇ ಕೆಳಗಿಳಿಸಬೇಕಾದೀತು. ಹಾಗಾಗಿ ಕಾರು ಓಡಾಡುತ್ತಿದ್ದ ಕಾಲದಲ್ಲಿಯೂ ಬಹಳ ಕಾಲ ಯಾರೂ ಮುಟ್ಟದೆ ಉಳಿಯುವ ಭಾಗವೇ, ಪರರ ಪ್ರಾಣಕ್ಕೆ ಹೊಣೆಯಾದ ಭಾಗ. ಎಂಜಿನ್ ನಿಂತರೆ ಓಡಿಸುವವನಿಗೆ ತೊಂದರೆ. ಬ್ರೇಕು ಹಿಡಿಯದಿದ್ದರೆ ರಸ್ತೆ ದಾಟುತ್ತಿರುವ, ಈ ಕಾರಿನ ಹೆಸರನ್ನೂ ಕೇಳದ ಒಂದು ಮಗುವಿಗೆ. ಅಹಿಂಸೆಯು ಹೃದಯದ ಮೃದುತ್ವವೆಂದಷ್ಟೇ ತಿಳಿದವರು, ಕಾರಿನ ಕೆಳಗೆ ಬೆನ್ನ ಮೇಲೆ ಮಲಗಿ, ಕಣ್ಣಿಗೆ ತುಕ್ಕು ಉದುರುತ್ತಿರಲು, ಒಂದು ರಬ್ಬರು ಕೊಳವೆಯನ್ನು ಬದಲಾಯಿಸುವವನ ಶ್ರದ್ಧೆಯನ್ನು ನೋಡಬೇಕು. ಬ್ರಿಟನ್ನಿನ ಶಾಸನವು 2018ರ ಮೇ ತಿಂಗಳಿಂದ, ನಲವತ್ತು ವರ್ಷ ಮೀರಿ ಗಣನೀಯವಾಗಿ ಮಾರ್ಪಡದ ವಾಹನಗಳನ್ನು ವಾರ್ಷಿಕ ಪರೀಕ್ಷೆಯಿಂದ ಬಿಟ್ಟಿದೆ. ರಸ್ತೆಗೆ ತಕ್ಕಂತೆ ಇಟ್ಟುಕೊಳ್ಳುವ ಹೊಣೆಯಿಂದ ಒಡೆಯನನ್ನು ಮಾತ್ರ ಬಿಟ್ಟಿಲ್ಲ. ಪರೀಕ್ಷಕನ ಸ್ಥಾನದಲ್ಲಿ ಈಗ ಒಡೆಯನ ಅಂತಸ್ಸಾಕ್ಷಿಯೇ ಕೂರಬೇಕು. ಅದು ಇನ್ನೂ ಸಂದೇಹಿಸುತ್ತಿದ್ದರೆ ಕಾರನ್ನು ಲಾರಿಯ ಮೇಲೆ ಹೇರಿ ಒಯ್ಯುವುದೇ ಧರ್ಮ. ಅದರಲ್ಲಿ ಯಾವ ಅವಮಾನವೂ ಇಲ್ಲ.

ಇಷ್ಟು ಹೊಸದನ್ನು ಸೇರಿಸಿದ ಮೇಲೆ ಕಾರು ಅದೇ ಕಾರೋ ಎಂಬ ಶಂಕೆ ಸಹಜ. 1929ರಲ್ಲಿಯೂ 1930ರಲ್ಲಿಯೂ ಲೆ ಮಾನ್ ಪಂದ್ಯವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಕುರಿತು ಈ ಶಂಕೆಯು 1990ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆಯೇ ಬಂದಿತ್ತು. ಮೊದಲಿನ ಭಾಗಗಳಲ್ಲಿ ಉಳಿದದ್ದು ಬಹು ಅಲ್ಪವಾಗಿದ್ದರೂ, ಬದಲಾವಣೆಗಳು ಅಖಂಡವಾದ ಒಂದೇ ಚರಿತ್ರೆಯೊಳಗೆ ನಡೆದುವಾದ್ದರಿಂದ ಕಾರು ಅದೇ ಎಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ಇದಕ್ಕೆ ಎದುರಾಗಿ ಇನ್ನೊಂದು ಮನೋಭಾವವುಂಟು. ಫ್ರಾನ್ಸಿನ ಪಶ್ಚಿಮ ಭಾಗದ ಒಂದು ಎಸ್ಟೇಟಿನಲ್ಲಿ ದಶಕಗಳ ಕಾಲ ಬಿದ್ದಿದ್ದ ಬೈಯೋನ್ ಸಂಗ್ರಹದ ಕಾರುಗಳನ್ನು 2015ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಹರಾಜು ಮಾಡಿದಾಗ, ನಟ ಅಲೆನ್ ಡೆಲಾನನದಾಗಿದ್ದ ಫೆರಾರಿಯೊಂದು, ಧೂಳನ್ನು ಒರೆಸದೆ ಇದ್ದಂತೆಯೇ, ಒಂದು ಕೋಟಿ ಅರವತ್ತು ಲಕ್ಷ ಯೂರೋಗಳಿಗೂ ಮಿಕ್ಕು ಬೆಲೆ ತಂದಿತು. ಧೂಳನ್ನು ಪೂಜಿಸುವವರನ್ನು ನಾನು ನಿಂದಿಸಲಾರೆ. ಕಾಲವು ಬರೆದದ್ದನ್ನು ಅಳಿಸಬಾರದೆಂಬ ಭಕ್ತಿ ಅಲ್ಲಿಯೂ ಇದೆ. ಆದರೆ ಓಡುವುದಕ್ಕಾಗಿ ಹುಟ್ಟಿದ ವಸ್ತುವಿನ ಅನನ್ಯತೆಯು ಅದರ ಹಳೆಯ ರಬ್ಬರಿನಲ್ಲಿ ಇದೆಯೆಂದು ಹೇಳುವುದು ನನಗೆ ಒಪ್ಪಿಗೆಯಾಗದು. ಬಣ್ಣವು ಮಾಸಿರಲಿ, ಆಸನದ ಚರ್ಮವು ಬಿರಿದಿರಲಿ; ಅವನ್ನು ಹಾಗೆಯೇ ಬಿಡೋಣ. ಸಂಬಂಧಗಳನ್ನು ಕಾಯುವ ಪದಾರ್ಥಗಳು ಸವೆಯುವುದಕ್ಕೆಂದೇ ಹುಟ್ಟಿದವು. ಅವನ್ನು ಹೊಸದು ಮಾಡಿದರೆ ಚರಿತ್ರೆ ಮುಂದುವರಿಯುತ್ತದೆ, ಮಾಡದಿದ್ದರೆ ಅಲ್ಲಿಯೇ ತುಂಡಾಗುತ್ತದೆ.

ಮನೆಯ ದಾರಿಯಲ್ಲಿ ಮೊದಲ ಕೆಲವು ಮೈಲಿಗಳಾದ ಮೇಲೆ ನಿಲ್ಲಿಸಿ, ಗಾಲಿಗಳನ್ನು ಹಿಡಿದಿರುವ ನಡುವಣ ತಿರುಪುಗಳ ಬಿಗಿಯನ್ನು ನೋಡಿ, ಯಾವ ಬ್ರೇಕಾದರೂ ಬಿಡದೆ ಹಿಡಿದು ಕಾದಿದೆಯೋ, ಕೆಳಗೆ ಎಲ್ಲಿಯಾದರೂ ತೊಟ್ಟಿಕ್ಕುತ್ತಿದೆಯೋ ಪರೀಕ್ಷಿಸಿ, ಆಮೇಲೆ ಮುಂದೆ ಸಾಗಬೇಕು. ಮನೆ ಸೇರಿದವನು ಹಳೆಯ ಒಡೆಯನ ಪ್ರೀತಿಯನ್ನೇ ಬೇರೆ ರೂಪದಲ್ಲಿ ಅನುಸರಿಸುವುದುಂಟು. ವಾರಕ್ಕೊಮ್ಮೆ ಗ್ಯಾರೇಜಿನಲ್ಲಿ ನಿಂತಲ್ಲಿಯೇ ಹತ್ತು ನಿಮಿಷ ಎಂಜಿನ್ ನಡಸಿ, ಕಾರು ಜೀವಂತವಾಗಿದೆಯೆಂದು ತೃಪ್ತಿಪಡುತ್ತಾನೆ. ಪೆಟ್ರೋಲು ಉರಿದಾಗ ಹುಟ್ಟುವ ನೀರು ಆಗ ಎಣ್ಣೆಯಲ್ಲಿಯೂ ಹೊಗೆಯ ಕೊಳವೆಯಲ್ಲಿಯೂ ಉಳಿದು, ಸುಮ್ಮನೆ ನಿಲ್ಲಿಸಿದ್ದಕ್ಕಿಂತ ಹೆಚ್ಚಿನ ಕೇಡನ್ನು ಮಾಡುತ್ತದೆ. ಎಣ್ಣೆಯು ಚೆನ್ನಾಗಿ ಕಾದು ಆ ನೀರೆಲ್ಲ ಆವಿಯಾಗಿ ಹೋಗುವಷ್ಟು ದೂರ, ಅರ್ಧ ಗಂಟೆಯ ಹಾದಿಯಾದರೂ, ಕಾರು ರಸ್ತೆಯಲ್ಲಿ ಓಡಬೇಕು.