ಹೋಗಿ ಬರ್ತೀನಿ ಎನ್ನುವ ಇನ್ನೊಂದು ಊರು

ಇಂಗ್ಲಿಷ್ ಕಲಿಸಲೆಂದು ಜಪಾನಿಗೆ ಹೋದೆ. ಇಳಿದ ದಿನವೇ ಅನಕ್ಷರಸ್ಥಳಾದೆ. ಅಂಗಡಿಯಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದೆ ಪೊಟ್ಟಣಗಳನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದೆ. ಎಂ.ಎ. ಪದವಿಪತ್ರ ಬಾಡಿಗೆ ಮನೆಯ ಕಪಾಟಿನಲ್ಲಿತ್ತು.

*

ಓದು ಬಾರದವರ ಮೇಲೆ ಸಿಡುಕಬಾರದು ಎಂದು ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದರು. ಯಾಕೆ ಸಿಡುಕಬಾರದು ಎಂದು ಹೇಳಿಕೊಟ್ಟಿದ್ದು ಆ ಉಪ್ಪಿನ ಪೊಟ್ಟಣ.

*

ಜಪಾನಿನ ಮಗು ಪ್ರಾಥಮಿಕ ಶಾಲೆಯ ಆರು ವರ್ಷ ಮುಗಿಸುವ ಹೊತ್ತಿಗೆ 1,026 ಕಾಂಜಿ ಅಕ್ಷರ ಕಲಿತಿರಬೇಕು. ಒಂದನೇ ತರಗತಿಯ ಪಾಲು 80. ನಾನು ಇಡೀ ಒಂದು ವರ್ಷ ಆ ಒಂದನೇ ತರಗತಿಯವರ ಹಿಂದೆಯೇ ಓಡಿದೆ. ಕಲಿಸುವವರು ಯಾವುದಾದರೂ ಒಂದು ವಿಷಯದಲ್ಲಿ ಸದಾ ಒಂದನೇ ತರಗತಿಯಲ್ಲೇ ಇರಬೇಕು ಎಂದು ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

*

ವಿದೇಶದ ಯುವಜನರನ್ನು ಕರೆಸಿ ಶಾಲೆಗಳಿಗೆ ಕಳಿಸುವ ಜೆಟ್ ಕಾರ್ಯಕ್ರಮವನ್ನು ಜಪಾನ್ 1987ರಲ್ಲಿ ಶುರುಮಾಡಿತು. ಮೊದಲ ವರ್ಷ ಬಂದವರು ನಾಲ್ಕು ದೇಶಗಳ 848 ಮಂದಿ. 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವೇ ಆಗಿದೆ. ನಮ್ಮಂಥವರನ್ನು ಅಲ್ಲಿ ಸಹಾಯಕ ಭಾಷಾ ಶಿಕ್ಷಕರು ಎನ್ನುತ್ತಾರೆ. ಪಾಠ ಅಲ್ಲಿಯ ಶಿಕ್ಷಕರದು, ದನಿ ನಮ್ಮದು. ನಾನು ಓದಬೇಕು, ಮಕ್ಕಳು ಹೇಳಬೇಕು. ಟೇಪ್‌ರೆಕಾರ್ಡರ್ ಮಾಡುವ ಕೆಲಸ ಎಂದು ಕೆಲವರು ಬೇಸರಪಟ್ಟುಕೊಂಡರು. ಟೇಪ್‌ರೆಕಾರ್ಡರ್ ಮಕ್ಕಳ ಮುಖ ನೋಡುವುದಿಲ್ಲ.

*

ಆ ಮಕ್ಕಳ ಬಾಯಲ್ಲಿ ಟೇಬಲ್ 'ಟೇಬುರು'. ಬಸ್ 'ಬಸು', ಬೆಂಚ್ 'ಬೆಂಚಿ', ಮಿಲ್ಕ್ 'ಮಿರುಕು'. ಜೊತೆಗಿದ್ದ ಬೇರೆ ದೇಶದ ಶಿಕ್ಷಕರಿಗೆ ಇದು ತಿದ್ದಲೇಬೇಕಾದ ತಪ್ಪು. ನನಗೆ ನಮ್ಮಜ್ಜಿಯ ದನಿ ಕೇಳಿಸಿತು. ಬಸ್ಸು, ಬೆಂಚು, ಟೇಬಲ್ಲು, ಪೆನ್ನು. ಹೊರಗಿನಿಂದ ಬಂದ ಪದ ಮೊಟಕಾಗಿ ನಿಂತರೆ ಕನ್ನಡದ ನಾಲಿಗೆ ಅದಕ್ಕೊಂದು ಸ್ವರ ಕೊಟ್ಟು ಕೂರಿಸುತ್ತದೆ. ಬಂದವರಿಗೆ ಮಣೆ ಹಾಕಿದ ಹಾಗೆ.

ಒಂದು ದಿನ ಬೋರ್ಡಿನ ಮೇಲೆ 'ಬಸ್ಸು' ಎಂದು ಕನ್ನಡದಲ್ಲಿ ಬರೆದು ಓದಿ ಹೇಳಿದೆ. ಪಕ್ಕದಲ್ಲಿ ಅವರ 'ಬಸು' ಬರೆದೆ. ಕಿಟಕಿ ಪಕ್ಕ ಕೂರುವ, ಆವರೆಗೆ ಒಂದು ಮಾತೂ ಆಡದ ಹುಡುಗಿ ತಲೆ ಎತ್ತಿ 'ಒನಾಜಿ' ಎಂದಳು. ಒಂದೇ ಎಂದರ್ಥ. ಮುಂದಿನ ವಾರದಿಂದ ಅವಳು ಇಂಗ್ಲಿಷಿನಲ್ಲೂ ಬಾಯಿಬಿಟ್ಟಳು. ಉಚ್ಚಾರಣೆ ಆಮೇಲೆ ತಿದ್ದಿದೆವು. ಮೊದಲು ಬಾಯಿ ತೆರೆಯಬೇಕು.

*

ಜಪಾನೀಯರ ಅಕ್ಷರಮಾಲೆ ಅ ಇ ಉ ಎ ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತ ಕಲಿಯಲು ಅಭ್ಯಾಸ ಮಾಡುತ್ತಿದ್ದ ಸಿದ್ಧಂ ಲಿಪಿಯ ಕ್ರಮದ ಪ್ರಭಾವ ಅದು. ವಾಕ್ಯವೂ ನಮ್ಮದರಂತೆಯೇ. ಪ್ರತ್ಯಯ ನಾಮಪದದ ನಂತರ, ಕ್ರಿಯಾಪದ ಕಟ್ಟಕಡೆಗೆ. ಜಪಾನೀ ಕಲಿಯುವಾಗ ಇಂಗ್ಲಿಷಿನಲ್ಲಿ ಯೋಚಿಸಿದರೆ ಎಡವುತ್ತಿದ್ದೆ, ಕನ್ನಡದಲ್ಲಿ ಯೋಚಿಸಿದರೆ ನಡೆಯುತ್ತಿದ್ದೆ. ನನಗೆ ಸಂಬಳ ತಂದ ಭಾಷೆ ಇಂಗ್ಲಿಷ್. ಆ ಊರಿನೊಳಕ್ಕೆ ಕೈಹಿಡಿದು ಕರೆದೊಯ್ದದ್ದು ಮಾತ್ರ ಕನ್ನಡ.

*

ಪ್ರಶ್ನೆ ಕೇಳಿದರೆ ತರಗತಿ ತೆಪ್ಪಗಾಗುತ್ತದೆ. ಹುಡುಗ ಕುತ್ತಿಗೆ ವಾಲಿಸುತ್ತಾನೆ, ಪಕ್ಕದವನ ಜೊತೆ ಪಿಸುಗುಡುತ್ತಾನೆ, ಕೊನೆಗೆ ನೆಲ ನೋಡುತ್ತಾನೆ. ಆಸಕ್ತಿ ಇಲ್ಲ ಎಂದು ಬರೆದುಕೊಂಡವರನ್ನು ನೋಡಿದ್ದೇನೆ. ನನಗೆ ಆ ನೆಲ ಗೊತ್ತು. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಪೇಟೆಯ ಹೈಸ್ಕೂಲಿಗೆ ಸೇರಿದ ದಿನ, 'ಮೇ ಐ ಕಮಿನ್' ಎನ್ನುವ ಮೂರು ತುಂಡು ಬಾರದೆ ಬಾಗಿಲಲ್ಲಿ ನಿಂತಿದ್ದೆ. ಒಳಗೆ ನಲವತ್ತು ಮಕ್ಕಳು ನಕ್ಕರು. ಮೇಷ್ಟ್ರೂ ನಕ್ಕರು. ಆ ಹೊಸ್ತಿಲ ಕಲ್ಲಿನ ಬಿರುಕು ಎಲ್ಲಿತ್ತು ಎಂದು ಈಗಲೂ ಹೇಳಬಲ್ಲೆ.

*

ಮೌನವಾಗಿರುವ ಮಗುವಿಗೆ ಹತ್ತು ಸೆಕೆಂಡು ಹೆಚ್ಚು ಕೊಡಿ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇದಕ್ಕಿಂತ ದೊಡ್ಡ ಬೋಧನಾ ವಿಧಾನ ಸಿಕ್ಕಿಲ್ಲ.

*

ಇಂಗ್ಲಿಷ್ ಕಲಿಸಲು 'ನೇಟಿವ್ ಸ್ಪೀಕರ್' ಬೇಕು ಎಂಬ ಜಾಹೀರಾತು ಏಷ್ಯಾದ ತುಂಬ ಇದೆ. ದಕ್ಷಿಣ ಕೊರಿಯಾದ ಇ-2 ವೀಸಾ ಏಳು ದೇಶಗಳವರಿಗೆ ಮೀಸಲಾಗಿ ಬೆಳೆದದ್ದು. ಒಂದು ನೇಮಕಾತಿ ಕಂಪನಿ ಫೋನಿನಲ್ಲಿ ನನ್ನ ದನಿ ಮೆಚ್ಚಿ, ಪಾಸ್‌ಪೋರ್ಟ್ ನೋಡಿದ ಮೇಲೆ ಸುಮ್ಮನಾಯಿತು. ಹುಟ್ಟಿನಿಂದ ಬಂದ ಭಾಷೆಯವರಿಗೆ ಆ ಭಾಷೆಯ ಬಾಗಿಲು ಎಲ್ಲಿದೆ ಎಂದು ತಿಳಿಯದು. ಅವರು ಒಳಗೇ ಹುಟ್ಟಿದವರು. ಹೊರಗೆ ನಿಂತು, ತಡಕಾಡಿ, ಚಿಲಕ ತೆಗೆದು ಒಳಬಂದವರಿಗೆ ಬಾಗಿಲು ಗೊತ್ತು. ಕಲಿಯುವ ಮಗುವಿಗೆ ಬೇಕಾಗಿರುವುದು ಬಾಗಿಲು.

*

ಮಧ್ಯಾಹ್ನದ ಊಟ ತರಗತಿಯಲ್ಲೇ. ಬಿಳಿ ಟೋಪಿ, ಏಪ್ರನ್ ಹಾಕಿಕೊಂಡು ಮಕ್ಕಳೇ ಬಡಿಸುತ್ತಾರೆ. ಮಿಸೋ ಸಾರಿನಲ್ಲಿ ಮೀನಿನ ರಸ ಇರುವುದರಿಂದ ನಾನು ಡಬ್ಬಿ ಒಯ್ಯುತ್ತಿದ್ದೆ. ನೀಗಾತ ಪ್ರಾಂತ್ಯದ ಅಕ್ಕಿ ಮೆತ್ತಗೆ ಅಂಟಂಟು. ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಸಾಸಿವೆ ಮಾತ್ರ ಊರಿನದು.

*

ಊಟವಾದ ಮೇಲೆ ಶಾಲೆ ಗುಡಿಸುವವರು ಮಕ್ಕಳು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕಾರಿಡಾರಿನ ಉದ್ದಕ್ಕೂ ಸಾಲಾಗಿ ಬಗ್ಗಿ ಓಡುತ್ತಾ ಒರೆಸುತ್ತಾರೆ. ಆ ಶಾಲೆಯ ಮುಖ್ಯೋಪಾಧ್ಯಾಯರು ಅಂಗಳದ ಎಲೆ ಗುಡಿಸುತ್ತಿದ್ದರು. ನಮ್ಮಲ್ಲಿ ಪೊರಕೆ ಯಾರ ಕೈಗೆ ಕೊಡುತ್ತಾರೆ ಎಂಬುದರಲ್ಲೇ ಜಾತಿ ಅಡಗಿರುತ್ತದೆ. ಎಲ್ಲರೂ ಬಗ್ಗಿದ ಕಡೆ ಬಗ್ಗುವುದು ಅವಮಾನವಲ್ಲ, ಕೆಲವರನ್ನೇ ಬಗ್ಗಿಸಿದ ಕಡೆ ಅದು ಹಿಂಸೆ. ಎರಡನ್ನೂ ಒಂದೇ ಎಂದು ಹೇಳುವವರ ಜೊತೆ ನನಗೆ ಜಗಳವಿದೆ.

*

ಅಲ್ಲಿ ರಾತ್ರಿ ಹತ್ತು ಗಂಟೆಯಾದರೆ ಇಲ್ಲಿ ಆರೂವರೆ. ನಾನು ಹಾಸಿಗೆ ಬಿಡಿಸುವಾಗ ಅಮ್ಮ ದೇವರಿಗೆ ದೀಪ ಹಚ್ಚುತ್ತಿದ್ದಳು. ಫೋನಿನಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸುತ್ತಿತ್ತು. ಮನೆ ನೆನಪಾಗುವುದು ಹಬ್ಬದ ದಿನ ಎಂದುಕೊಂಡಿದ್ದೆ. ಅಲ್ಲ, ಇಂಥ ಸಣ್ಣ ಸದ್ದುಗಳಲ್ಲಿ.

*

ಹಿಮ ಬೀಳುವ ಊರಿನಲ್ಲಿ ಮೊದಲ ಚಳಿಗಾಲ ಯಾರಿಗೂ ಸುಲಭವಲ್ಲ.

*

ಸೊಂಟದೆತ್ತರ ಹಿಮ ಬಿದ್ದ ಬೆಳಗ್ಗೆ ನನ್ನ ಬಾಗಿಲಿನಿಂದ ರಸ್ತೆಯವರೆಗೆ ಯಾರೋ ಒಂದಾಳು ಅಗಲದ ದಾರಿ ಮಾಡಿದ್ದರು. ಎದುರು ಮನೆಯ ಅಜ್ಜಿ. ಎಂಬತ್ತು ದಾಟಿದವರು. ಗುರುತಿಲ್ಲದ ಮುದುಕಿಯನ್ನೂ ಅಲ್ಲಿ 'ಒಬಾಸಾನ್', ಅಜ್ಜಿ ಎಂದೇ ಕರೆಯುತ್ತಾರೆ. ಗುರುತಿಲ್ಲದವರನ್ನು ಅಜ್ಜಿ, ಅಕ್ಕ ಎಂದು ಕರೆಯುವ ನುಡಿಯಿಂದ ಹೋದವಳಿಗೆ ಆ ಪದ ಹೇಳಲು ತಡವಾಗಲಿಲ್ಲ. ಅವರ ಕೈಯಿಂದ ಸಲಿಕೆ ಇಸಿದುಕೊಳ್ಳಲು ಮಾತ್ರ ಒಂದು ವರ್ಷ ಬೇಕಾಯಿತು.

*

ಮನೆಯಿಂದ ಹೊರಡುವಾಗ ಜಪಾನಿನಲ್ಲಿ 'ಇತ್ತೆ ಕಿಮಾಸು' ಎನ್ನುತ್ತಾರೆ. ಅಕ್ಷರಶಃ ಅರ್ಥ: ಹೋಗಿ ಬರ್ತೀನಿ. ಮನೆಯಲ್ಲಿ ಉಳಿದವರು 'ಇತ್ತೆರಶ್ಶಾಯ್' ಎನ್ನುತ್ತಾರೆ, ಹೋಗಿ ಬನ್ನಿ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಮ ಮಾತಿಲ್ಲ, ಮಕ್ಕಳು ಕೇಳಿದಾಗ ಹಾಗೇ ಹೇಳಿದೆ. ಕನ್ನಡದಲ್ಲಿ ಇದೆ ಎಂದು ಹೇಳಿ ಅದನ್ನೂ ಕಲಿಸಿದೆ.

*

ಹೊಂದಿಕೊಳ್ಳುವುದು ಎಂದರೆ ಬದಲಾಗುವುದು ಎಂದು ನಂಬಿದವರು ಬೇಗ ದಣಿಯುತ್ತಾರೆ. ನಾನು ಚಪ್ಪಲಿ ಬಿಡುವುದನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಬಿಟ್ಟ ಚಪ್ಪಲಿಯ ಮೂತಿ ಬಾಗಿಲ ಕಡೆ ತಿರುಗಿಸಿಡುವುದನ್ನು ಕಲಿತೆ, ಅಷ್ಟೆ.

*

ಕನ್ನಡ ಶಾಲೆಯಲ್ಲಿ ಓದಿ, ಬೆವರು ಹರಿಸಿ ಇಂಗ್ಲಿಷ್ ಕಲಿತು, ಇವತ್ತು ಅದನ್ನೇ ಕಲಿಸುತ್ತಿರುವ ತಂಗಿಯರೇ, ತಮ್ಮಂದಿರೇ, ಹೊರದೇಶದ ಶಾಲೆಗಳಿಗೆ ಅರ್ಜಿ ಹಾಕಿ. ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ ಬಾಡಿಗೆ ಯಾರದು, ವಿಮೆ ಯಾರದು, ಎಷ್ಟು ಶಾಲೆ ಸುತ್ತಬೇಕು ಎಂದು ಬರಹದಲ್ಲಿ ಕೇಳಿ. ಹೊರಡುವುದಕ್ಕೆ ಮೂರು ತಿಂಗಳಿರುವಾಗಲೇ ಆ ನಾಡಿನ ಅಕ್ಷರ ತಿದ್ದಲು ಕೂತುಬಿಡಿ. ಸಂದರ್ಶನದಲ್ಲಿ ನಿಮ್ಮ ಮಾತೃಭಾಷೆ ಯಾವುದು ಎಂದು ಕೇಳಿದರೆ ತಡವರಿಸದೆ ಕನ್ನಡ ಎನ್ನಿ.