ಪಾಳು ಬೀಳುವ ಭಾಗ್ಯ

ಹಂಪಿಯ ಮುರಿದ ಕಂಬಗಳನ್ನು ನೋಡುತ್ತ ಬೆಳೆದ ನಮಗೆ ಪಾಳನ್ನು ಕಂಡು ನಿಟ್ಟುಸಿರು ಬಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಅಭ್ಯಾಸಬಲದಿಂದ ಈಗ ಕ್ಯಾಮೆರಾ ಹಿಡಿದವರು ಮುಚ್ಚಿದ ಬಟ್ಟೆ ಗಿರಣಿಗಳ ಕಾಂಪೌಂಡು ಹಾರುತ್ತಾರೆ. ತುಕ್ಕು ಹಿಡಿದ ಮಗ್ಗ, ಒಡೆದ ಗಾಜಿನಿಂದ ಇಳಿಯುವ ಬಿಸಿಲು, ಗೋಡೆ ಸೀಳಿ ಬಂದ ಅರಳಿ ಸಸಿ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಮನುಷ್ಯರು ಇರುವುದಿಲ್ಲ, ಇಲ್ಲದಿರುವುದರಿಂದಲೇ ಅವು ಚೆನ್ನಾಗಿರುತ್ತವೆ. ಗಿರಣಿ ತಾನಾಗಿ ಮುಪ್ಪಾಗಿ ಸತ್ತಿತು ಅನ್ನಿಸುವಂತೆ ನೋಡುವುದು ಸುಲಭ. ಬೀಗ ಬಿದ್ದ ದಿನ ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತವರನ್ನು ನೆನೆದರೆ ಆ ಬಿಸಿಲು ಅಷ್ಟು ಹಿತವಾಗಿ ಕಾಣದು.

ಬೆಂಗಳೂರಿನಲ್ಲಿ ಈ ಸುಖಕ್ಕೂ ಆಯಸ್ಸು ಕಡಿಮೆ. 1884ರಲ್ಲಿ ಶುರುವಾಗಿ ಜನರ ಬಾಯಲ್ಲಿ ಬಿನ್ನಿ ಮಿಲ್ಲಾದ ಗಿರಣಿಯ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ 2010ರಿಂದ ಮಂತ್ರಿ ಮಾಲ್ ಇದೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇಲ್ಲಿ ನಿಜ: ಗಿರಣಿ ಮುಚ್ಚಿದ ಮೇಲೆ ಉಳಿದದ್ದು ನೆಲ, ಗೌಡಿಕೆ ಅದರದ್ದೇ.

ಇದೇ ಬೆಂಗಳೂರಿನ ಲಗ್ಗೆರೆಗೆ ಬಂದರೆ ಅಷ್ಟು ಪಾಳೂ ಕಾಣಸಿಗುವುದಿಲ್ಲ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ, ಬೆಳಗಾದರೆ ಇಲ್ಲಿನ ಓಣಿಗಳಿಂದ ಹೆಂಗಸರು ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಮಿಲ್ಲಿಗೆ ಬಾಯ್ಲರು ಬೇಕಿತ್ತು, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮಗ್ಗಗಳು ಬೇಕಿದ್ದವು, ಎಕರೆಗಟ್ಟಲೆ ಸ್ವಂತ ಜಾಗ ಬೇಕಿತ್ತು. ಅಂಥದ್ದನ್ನು ಮುಚ್ಚುವುದು ಕಷ್ಟ, ಮುಚ್ಚಿದರೂ ಹೆಣ ಬಹಳ ಕಾಲ ಉಳಿಯುತ್ತದೆ. ಗಾರ್ಮೆಂಟ್ಸ್‌ಗೆ ಬೇಕಾದದ್ದು ಒಂದು ಬಾಡಿಗೆ ಮಹಡಿ, ಕರೆಂಟು, ಸಾಲಾಗಿ ಹೊಲಿಗೆ ಯಂತ್ರ. ಆರ್ಡರ್ ಕೊಡುವ ಬ್ರ್ಯಾಂಡು ಸಮುದ್ರದಾಚೆ ಇರುತ್ತದೆ. ಆರ್ಡರ್ ನಿಂತರೆ ಯಂತ್ರಗಳು ಲಾರಿ ಹತ್ತುತ್ತವೆ, ‘ಬಾಡಿಗೆಗೆ ಇದೆ’ ಬೋರ್ಡು ಬೀಳುತ್ತದೆ, ಟಾರ್ಗೆಟ್ ಮುಟ್ಟಿಲ್ಲವೆಂದು ಸೂಪರ್‌ವೈಸರ್ ಕೂಗಾಡುತ್ತಿದ್ದ ಮಹಡಿಯಲ್ಲೇ ಗೋದಾಮೋ ಜಿಮ್ಮೋ ಬರುತ್ತದೆ. ಫೋಟೊ ತೆಗೆಯಲು ಏನೂ ಸಿಗುವುದಿಲ್ಲ. ಪಾಳು ಬೀಳುವುದಕ್ಕೂ ಒಂದು ಕಡೆ ಗಟ್ಟಿಯಾಗಿ ನೆಲೆಯೂರಿರುವ ಭಾಗ್ಯ ಬೇಕು.

ಮಿಲ್ಲಿನ ಕಾಲ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹತ್ತಿಯ ಧೂಳು ಶ್ವಾಸಕೋಶ ತಿನ್ನುತ್ತಿತ್ತು, ಹೆಚ್ಚಿನ ಕೆಲಸ ಗಂಡಸರಿಗೇ ಸಿಗುತ್ತಿತ್ತು. ಆದರೂ ಒಬ್ಬ ಮನುಷ್ಯನ ಇಡೀ ದುಡಿಮೆಯ ಬದುಕು ಒಂದೇ ಗೇಟಿನೊಳಗೆ ಕಳೆಯಬಹುದು ಎಂಬ ನಂಬಿಕೆ ಆ ಕಟ್ಟಡದಲ್ಲಿತ್ತು. ನಮ್ಮ ಕಾನೂನುಗಳು ಹುಟ್ಟಿದ್ದು ಆ ನಂಬಿಕೆಯ ಮೇಲೆ. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ಬಿಡದೆ ದುಡಿದವರಿಗೆ, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಲೆಕ್ಕ ಹಾಕಿತು. ಐದು ವರ್ಷ ಬಾಳುತ್ತದೋ ಇಲ್ಲವೋ ಗೊತ್ತಿಲ್ಲದ ಕಾರ್ಖಾನೆಯಲ್ಲಿ ದುಡಿಯುವವಳಿಗೆ ಈ ಲೆಕ್ಕ ಬೇರೆ ಯಾವುದೋ ಕಾಲದ್ದು.

2016ರ ಏಪ್ರಿಲ್‌ನಲ್ಲಿ ಈ ಎರಡು ಕಾಲಗಳು ಬೀದಿಯಲ್ಲೇ ಡಿಕ್ಕಿ ಹೊಡೆದವು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ದೊಡ್ಡ ಸಂಘಗಳ ಕರೆಗೆ ಕಾಯದೆ ಹೊಸೂರು ರಸ್ತೆಗೂ ಪೀಣ್ಯದ ಕಡೆಯ ತುಮಕೂರು ರಸ್ತೆಗೂ ಇಳಿದರು. ಎರಡನೇ ದಿನ, ಏಪ್ರಿಲ್ 19ರಂದು, ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಮುಂದಾಲೋಚನೆ ಇಲ್ಲದವರು, ಮುಪ್ಪಿನ ದುಡ್ಡನ್ನು ಈಗಲೇ ಕೇಳುತ್ತಾರೆ ಎಂದು ಹಂಗಿಸಿದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಗಳ ಮದುವೆ, ಮಗನ ಫೀಸು, ಮನೆಯ ಭೋಗ್ಯ. ಕಾರ್ಖಾನೆಯೇ ನಾಳೆ ಇರುತ್ತೇನೆಂದು ಮಾತು ಕೊಡದಿರುವಾಗ ಕಾರ್ಮಿಕಳು ಮಾತ್ರ 58ರವರೆಗೆ ಕಾಯಬೇಕು ಅನ್ನುವುದು ಯಾವ ನ್ಯಾಯ?

ಗಿರಣಿಗಳ ನೆನಪು ಎಲ್ಲಿ ಭದ್ರವಾಗಿದೆ ಎಂದು ನೋಡಿದರೆ ಇನ್ನೊಂದು ಸೋಜಿಗ. ಬೆಂಗಳೂರಿನ ಮಿನರ್ವ ಮಿಲ್ಸ್ ಇಂದು ಕಾನೂನು ವಿದ್ಯಾರ್ಥಿಗಳ ಬಾಯಲ್ಲಿದೆ. ರೋಗಗ್ರಸ್ತ ಗಿರಣಿಯೆಂದು 1974ರ ಕಾಯ್ದೆಯಡಿ ಅದು ರಾಷ್ಟ್ರೀಕರಣವಾಯಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ, ಸಂವಿಧಾನ ತಿದ್ದುವ ಅಧಿಕಾರಕ್ಕೂ ಮಿತಿಯುಂಟು ಎಂದು 42ನೇ ತಿದ್ದುಪಡಿಯ ಎರಡು ಭಾಗಗಳನ್ನು ಹೊಡೆದುಹಾಕಿತು. ಅದಕ್ಕೆ ಅಡಿಪಾಯ 1973ರ ತೀರ್ಪು. ಅದರ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಎರಡೂ ಕಡೆ ಶುರುವಾದದ್ದು ಆಸ್ತಿಯ ಜಗಳ, ಕೋರ್ಟಿಗೆ ಹೋದವರು ಆಸ್ತಿ ಇದ್ದವರು. ಅದರ ಫಲ ನಮಗೆಲ್ಲ ಸಿಕ್ಕಿತು, ಆ ಋಣ ದೊಡ್ಡದು. ಆದರೆ ಅದೇ 42ನೇ ತಿದ್ದುಪಡಿ ಸೇರಿಸಿದ 43ಎ ವಿಧಿಯನ್ನು ಎಷ್ಟು ಜನ ನೆನೆಯುತ್ತಾರೆ? ಕಾರ್ಖಾನೆಯ ಆಡಳಿತದಲ್ಲಿ ಕಾರ್ಮಿಕರಿಗೂ ಪಾಲು ಇರಬೇಕು ಅನ್ನುವ ವಿಧಿ ಅದು. ಯಾವ ಕೋರ್ಟೂ ಅದನ್ನು ಹೊಡೆದುಹಾಕಿಲ್ಲ. ನಿರ್ದೇಶಕ ತತ್ವವಾದ್ದರಿಂದ ಯಾವ ಕೋರ್ಟೂ ಅದನ್ನು ಜಾರಿ ಮಾಡಿಸುವುದೂ ಇಲ್ಲ. ಪಾಳು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಗೋಡೆ ಹಾರುವವರು ಕನಿಷ್ಠ ನೆನಪನ್ನಾದರೂ ಉಳಿಸುತ್ತಾರಲ್ಲ, ಅದೂ ಬೇಡವೇ ಎಂದು ಕೇಳಬಹುದು. ಬೇಕು. ಆದರೆ ಯಾವುದರ ನೆನಪು ಎಂಬುದು ಮುಖ್ಯ. ಚಿಮಣಿ ಉಳಿದರೆ ಮಾಲಿನ ಅಂಗಳಕ್ಕೆ ಶೋಭೆ. ಹಾಜರಿ ಪುಸ್ತಕ ಉಳಿದರೆ, ಯಾರು ಯಾವ ವರ್ಷದಿಂದ ಯಾವ ಪಾಳಿಯಲ್ಲಿ ಎಷ್ಟು ಸಂಬಳಕ್ಕೆ ದುಡಿದರು ಎಂಬುದಕ್ಕೆ ಸಾಕ್ಷಿ. ಬಾಕಿ ಹಣಕ್ಕೆ ಅಲೆಯುವವರಿಗೂ ನಾಳೆ ಈ ಊರಿನ ಚರಿತ್ರೆ ಬರೆಯುವವರಿಗೂ ಬೇಕಾದ ಕಾಗದ ಅದೊಂದೇ. ಲಗ್ಗೆರೆಯ ಮಹಡಿಗಳು ಖಾಲಿಯಾಗುವಾಗ ಮೊದಲು ರದ್ದಿಗೆ ಹೋಗುವುದೂ ಅದೇ. ಕಾರ್ಖಾನೆ ಮುಚ್ಚುವವರು ಹಾಜರಿ ಮತ್ತು ಸಂಬಳದ ಪುಸ್ತಕಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿಯೇ ಬಾಗಿಲು ಹಾಕಬೇಕೆಂದು ಸರ್ಕಾರ ನಿಯಮ ಮಾಡಲಿ. ಅಲ್ಲಿಯವರೆಗೆ, ಮುಚ್ಚಿದ ಕಾರ್ಖಾನೆಯೊಳಗೆ ಹೋಗುವ ಅವಕಾಶ ಸಿಕ್ಕವರು ಕ್ಯಾಮೆರಾವನ್ನು ಮೊದಲು ಆಫೀಸು ಕೋಣೆಯ ಬೀರುವಿನತ್ತ ತಿರುಗಿಸಲಿ.